ಕಿತಸಾತೊ ಬೇಡ, ನೊಗುಚಿ ಇದ್ದರೆ ಕೊಡಿ

ಜಪಾನಿನಲ್ಲಿ 2024ರಲ್ಲಿ 72 ರಾಮೆನ್ ಅಂಗಡಿಗಳು, ಅಂದರೆ ಬಿಸಿ ಸಾರಿನಲ್ಲಿ ನೂಡಲ್ಸ್ ಹಾಕಿ ಕೊಡುವ ಅಂಗಡಿಗಳು, ದಿವಾಳಿಯಾದವಂತೆ. ಲೆಕ್ಕ ಅಲ್ಲಿನ ಕಂಪನಿಗಳ ಜಾತಕ ಇಡುವ ಟೇಕೊಕು ಡೇಟಾಬ್ಯಾಂಕ್‌ನವರದು. ಅದರ ಹಿಂದಿನ ವರ್ಷ 53 ಇತ್ತು. ಕಾರಣಗಳ ಪಟ್ಟಿಯನ್ನು ನೀವೂ ಓದಿರುತ್ತೀರಿ. ಹಂದಿ ಮಾಂಸ ತುಟ್ಟಿ, ಹಿಟ್ಟು ತುಟ್ಟಿ, ಕರೆಂಟು ತುಟ್ಟಿ, ಯೆನ್ ಮಾತ್ರ ಅಗ್ಗ. ಎಲ್ಲ ಸರಿ. ಆದರೆ ಆ ಪಟ್ಟಿಯ ಮೂಲೆಯಲ್ಲಿ ಕಬ್ಬಿಣದ ಒಂದು ಪೆಟ್ಟಿಗೆಗೂ ಜಾಗ ಕೊಡಬೇಕಿತ್ತು ಅಂತ ನನಗನಿಸುತ್ತದೆ. ಅದನ್ನು ನಾನು ಕಣ್ಣಾರೆ ನೋಡಿ ಬಂದಿದ್ದೇನೆ. ನನ್ನ ಭುಜದವರೆಗೆ ಬರುತ್ತದೆ, ಮೈ ತುಂಬಾ ಗುಂಡಿಗಳು, ಒಂದು ಬಾಯಿ. ಆ ಬಾಯಿ ಮಹಾ ಮಡಿ. ಏನು ಕೊಟ್ಟರೂ ಉಗುಳುತ್ತದೆ.

ಹೋದ ನವೆಂಬರಿನಲ್ಲಿ ಟೋಕಿಯೋಗೆ ಹೋಗಿದ್ದೆ. ಅಕ್ಕನ ಮಗ ಅಲ್ಲಿ ನಿಶಿ ಕಸಾಯ್‌ನಲ್ಲಿದ್ದಾನೆ. ನಮ್ಮ ದೇಶದವರೇ ಜಾಸ್ತಿ ಇರುವ ಜಾಗ, ಸಾರಿನ ಪುಡಿಗೂ ಕೊತ್ತಂಬರಿ ಸೊಪ್ಪಿಗೂ ತೊಂದರೆ ಇಲ್ಲ. ಎರಡನೇ ದಿನವೇ ಅವನು, "ಮಾವ, ನಿಮಗೆ ಇವತ್ತು ರಾಮೆನ್ ತಿನ್ನಿಸ್ತೀನಿ" ಅಂದ. ಅವನು ಶುದ್ಧ ಸಸ್ಯಾಹಾರಿ. ನಾನು ಅವರ ಮನೆಯವರ ಲೆಕ್ಕದಲ್ಲಿ ಕೆಟ್ಟುಹೋದವನು. "ನೀನೇನೋ ತಿಂತೀಯ ಅಲ್ಲಿ?" ಅಂದೆ. "ನಾನು ಮೊಸರನ್ನ ತಿಂದಾಯ್ತು. ಸುಮ್ನೆ ಒಂದು ಬಿಯರ್ ಹಿಡ್ಕೊಂಡು ಕೂತಿರ್ತೀನಿ. ಅಮ್ಮನಿಗೆ ಹೇಳಬೇಡಿ."

ಅಂಗಡಿ ನಮ್ಮ ಕಡೆಯ ಬೀಡಾ ಅಂಗಡಿಗಿಂತ ಸ್ವಲ್ಪ ದೊಡ್ಡದು. ಒಂದು ಉದ್ದ ಹಲಗೆ, ಅದರ ಮುಂದೆ ಒಂಬತ್ತು ಸ್ಟೂಲು. ಆ ಕಡೆ ಒಲೆ, ಹಂಡೆಯಂಥ ಪಾತ್ರೆ, ಅದರಲ್ಲಿ ಬೆಳಗಿನಿಂದ ಕುದಿಯುತ್ತಿರುವ ಮೂಳೆ. ತಲೆಗೆ ಟವೆಲು ಕಟ್ಟಿದ, ಎಪ್ಪತ್ತರ ಹತ್ತಿರದ ಒಬ್ಬ ಯಜಮಾನ. ಬಟ್ಟಲು ತೊಳೆಯುವ ಅವನ ಹೆಂಡತಿ. ಮಾಣಿ ಇಲ್ಲ, ಗಲ್ಲಾಪೆಟ್ಟಿಗೆ ಇಲ್ಲ. ಆ ಎರಡೂ ಕೆಲಸ ಬಾಗಿಲಲ್ಲಿ ನಿಂತಿರುವ ಟಿಕೆಟ್ ಮಷೀನಿನದು. ದುಡ್ಡು ಹಾಕು, ಗುಂಡಿ ಒತ್ತು, ಬೆರಳುದ್ದದ ಚೀಟಿ ಬರುತ್ತದೆ, ಅದನ್ನು ಹಲಗೆಯ ಮೇಲಿಟ್ಟು ಬಾಯಿ ಮುಚ್ಚಿಕೊಂಡು ಕೂರು. ದರ್ಶಿನಿಯಲ್ಲಿ ಮೊದಲು ಬಿಲ್ಲು ಆಮೇಲೆ ದೋಸೆ ಅಂತ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ವ್ಯತ್ಯಾಸ ಇಷ್ಟೇ, ನಮ್ಮ ಕೌಂಟರಿನವನು "ಚಿಲ್ಲರೆ ಕೊಡಿ ಸಾರ್" ಅಂತ ಗೊಣಗುತ್ತಾನೆ. ಮಷೀನು ಗೊಣಗುವುದಿಲ್ಲ.

ಗೊಣಗಿದ್ದರೆ ಎಷ್ಟೋ ವಾಸಿ ಇತ್ತು. ನಾನು ಹಿಂದಿನ ದಿನವಷ್ಟೇ ಏಟಿಎಮ್‌ನಿಂದ ತೆಗೆದ ಸಾವಿರ ಯೆನ್ ನೋಟನ್ನು ಬಾಯಿಗೆ ಇಟ್ಟೆ. ವ್ಯೋಂ ಅಂತ ಒಳಗೆಳೆದುಕೊಂಡಿತು. ಎರಡು ಕ್ಷಣ ಯೋಚನೆ ಮಾಡಿತು. ವ್ಯೋಂ ಅಂತ ವಾಪಸ್ ಕೊಟ್ಟಿತು. ತಿರುಗಿಸಿ ಹಾಕಿದೆ. ಮತ್ತೆ ವಾಪಸ್. ನೋಟನ್ನು ತೊಡೆಯ ಮೇಲೆ ಇಸ್ತ್ರಿ ಮಾಡಿ ಹಾಕಿದೆ. ವಾಪಸ್. ನನ್ನ ಹಿಂದೆ ನಿಂತಿದ್ದ ನಾಲ್ಕು ಜನ ಜಪಾನೀಯರು ಆಕಾಶ ನೋಡಿದರು. ಅದು ಅವರ ಸಭ್ಯತೆ. ನಮ್ಮಲ್ಲಾಗಿದ್ದರೆ ಇಷ್ಟರಲ್ಲಿ ಐದು ಸಲಹೆ ಬಂದಿರುತ್ತಿತ್ತು, ಒಬ್ಬ ಮಷೀನಿನ ಬೆನ್ನಿಗೆ ಗುದ್ದಿಯೂ ಇರುತ್ತಿದ್ದ.

ಆಗ ಅಳಿಯ ಮಷೀನಿನ ಹಣೆಗೆ ಅಂಟಿಸಿದ್ದ ಚೀಟಿ ಓದಿದ. "ಹೊಸ ನೋಟು ನಡೆಯುವುದಿಲ್ಲ. ಕ್ಷಮಿಸಿ."

ಹೊಸ ನೋಟಿನ ಕತೆ ಗೊತ್ತೇ ಇದೆಯಲ್ಲ. 2024ರ ಜುಲೈ 3ಕ್ಕೆ ಬಂತು, 20 ವರ್ಷದಲ್ಲಿ ಮೊದಲ ಸಲ. ಏನು ನೋಟು ಅಂತೀರಿ! ಸುಮ್ನೆ ಓರೆ ಮಾಡಿದರೆ ಸಾಕು, ಹೊಲೊಗ್ರಾಮಿನಲ್ಲಿರುವ ಮುಖ ತಿರುಗಿ ನಿಮ್ಮನ್ನೇ ನೋಡುತ್ತದೆ. ನೋಟಿನಲ್ಲಿ ಹೀಗೆ ಮಾಡಿದ್ದು ಜಗತ್ತಿನಲ್ಲಿ ಇವರೇ ಮೊದಲು. ಸಾವಿರದ ನೋಟಿನ ಹಿಂದೆ ಹೊಕುಸಾಯ್ ಬರೆದ ಆ ದೊಡ್ಡ ಅಲೆ. ಸಮುದ್ರವೇ ಕೈಯಲ್ಲಿದೆ, ಒಂದು ಬಟ್ಟಲು ಸಾರು ಸಿಗುತ್ತಿಲ್ಲ. ಹತ್ತು ಸಾವಿರದ ನೋಟಿನಲ್ಲಿರುವುದು ಶಿಬುಸಾವಾ ಎಯ್ಚಿ, ಜಪಾನಿನ ಬಂಡವಾಳಶಾಹಿಯ ಅಪ್ಪ ಅಂತ ಹೆಸರಾದವರು, ಸುಮಾರು 500 ಕಂಪನಿಗಳಿಗೆ ಕೈ ಹಾಕಿದ ಮಹಾನುಭಾವರು. ಈ ಅಂಗಡಿಯಲ್ಲಿ ಅವರಿಗೆ ಒಂದು ಬೇಯಿಸಿದ ಮೊಟ್ಟೆಯೂ ಹುಟ್ಟುವುದಿಲ್ಲ.

ಸಾವಿರದ ನೋಟಿನದು ಇನ್ನೂ ತಮಾಷೆ. ಹಳೆ ನೋಟಿನಲ್ಲಿದ್ದವರು ನೊಗುಚಿ ಹಿದೆಯೊ, ಹಳದಿ ಜ್ವರದ ಬೆನ್ನು ಹತ್ತಿ ಆಫ್ರಿಕಾದಲ್ಲೇ ತೀರಿಕೊಂಡ ವಿಜ್ಞಾನಿ. ಹೊಸದರಲ್ಲಿ ಬಂದವರು ಕಿತಸಾತೊ ಶಿಬಸಬುರೊ, 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ಕ್ರಿಮಿ ಹಿಡಿದವರು. ಚಿಕ್ಕವಯಸ್ಸಿನ ನೊಗುಚಿ ಕೆಲಸಕ್ಕಿದ್ದದ್ದು ಇದೇ ಕಿತಸಾತೊ ಅವರ ಸಂಸ್ಥೆಯಲ್ಲಿ. ಈಗ ರಾಮೆನ್ ಅಂಗಡಿಯ ಬಾಗಿಲಲ್ಲಿ ಹಳೇ ಶಿಷ್ಯನಿಗೆ ಸ್ವಾಗತ, ಗುರುಗಳಿಗೆ ಪ್ರವೇಶವಿಲ್ಲ. ಪ್ಲೇಗಿನ ಕ್ರಿಮಿಯನ್ನೇ ಗುರುತು ಹಿಡಿದವರನ್ನು ಒಂದು ಮಷೀನು ಗುರುತು ಹಿಡಿಯಲಿಲ್ಲ. ನೋಟನ್ನು ಇಷ್ಟು ಚೆಂದ ಮಾಡಿದ್ದು ಖೋಟಾ ನೋಟಿನವರಿಗೆ ಸಿಗಬಾರದು ಅಂತ. ಅವರಿಗೆ ಸಿಕ್ಕಿತೋ ಇಲ್ಲವೋ, ನನ್ನ ಕೈಗೆ ಸಿಕ್ಕಿತು. ಮಷೀನಿನ ಪ್ರಕಾರ ಖೋಟಾ ನಾನೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಪೂಜಾರಿಯನ್ನಾದರೂ ದಕ್ಷಿಣೆ ಕೊಟ್ಟು ಸರಿ ಮಾಡಿಕೊಳ್ಳಬಹುದು. ಇಲ್ಲಿ ಪೂಜಾರಿ ಬೇಡ ಅನ್ನುತ್ತಿರುವುದೇ ದಕ್ಷಿಣೆಯನ್ನು.

ನಾವು ಈ ವಿಷಯದಲ್ಲಿ ನಗುವ ಹಾಗೇನೂ ಇಲ್ಲ ಅನ್ನಿ. 2016ರ ನವೆಂಬರ್ 8ರ ರಾತ್ರಿ 8 ಗಂಟೆ ಯಾರಿಗೆ ಮರೆತಿದೆ? ಎರಡು ಸಾವಿರದ ನೋಟು ಬಂತು, ಆದರೆ ಅದರ ಅಳತೆ ಏಟಿಎಮ್ಮಿನ ತಟ್ಟೆಗೆ ಕೂರಲಿಲ್ಲ. ದೇಶದ ಎರಡು ಲಕ್ಷ ಏಟಿಎಮ್‌ಗಳನ್ನು ಬಿಚ್ಚಿ ಬಿಚ್ಚಿ ಸರಿ ಮಾಡಿದರು. ಕೊನೆಗೆ 2023ರಲ್ಲಿ ಆ ನೋಟನ್ನೇ ವಾಪಸ್ ಕರೆಸಿಕೊಂಡರು. ನಮಗೆ ಕೊಟ್ಟಿದ್ದ ಸಮಯ ನಾಲ್ಕು ಗಂಟೆ. ಅದಕ್ಕೇ ಹೀಗಾಯಿತು, ಜಪಾನಿನವರನ್ನು ನೋಡಿ ಕಲಿಯಬೇಕು ಅಂತ ಆಗ ನಾನೂ ಎಲ್ಲರ ಹಾಗೆ ಭಾಷಣ ಬಿಗಿದಿದ್ದೆ. ಜಪಾನಿನವರು ಹೊಸ ನೋಟು ಬರುತ್ತದೆ ಅಂತ ಹೇಳಿದ್ದು 2019ರ ಏಪ್ರಿಲ್‌ನಲ್ಲಿ. ಐದು ವರ್ಷದ ಮುಂಚೆ! ಆದರೂ ನೋಟು ಬಂದ ದಿನ ಸರಿಯಾಗಿದ್ದದ್ದು ಬ್ಯಾಂಕಿನವರ, ರೈಲಿನವರ ಮಷೀನುಗಳು. ಹೋಟೆಲುಗಳ ಟಿಕೆಟ್ ಮಷೀನುಗಳಲ್ಲಿ ಸಿದ್ಧವಾಗಿದ್ದದ್ದು ಅರ್ಧದಷ್ಟು ಮಾತ್ರ ಅಂತ ಸುದ್ದಿ ಬಂದಿತ್ತು. ನಾಲ್ಕು ಗಂಟೆ ಕೊಟ್ಟರೂ ಅಷ್ಟೇ, ಐದು ವರ್ಷ ಕೊಟ್ಟರೂ ಅಷ್ಟೇ. ಭಾಷಣ ವಾಪಸ್ ತೆಗೆದುಕೊಂಡಿದ್ದೇನೆ.

ಇನ್ನೊಂದು ಮಜಾ. ಜಪಾನಿನ ಇದೇ ಸರ್ಕಾರ, ಎಲ್ಲರೂ ನಗದು ಬಿಟ್ಟು ಕಾರ್ಡು, ಫೋನಿನಲ್ಲಿ ಕೊಡಿ, 2025ರ ಹೊತ್ತಿಗೆ ಶೇಕಡ 40ರಷ್ಟು ವ್ಯವಹಾರ ಹಾಗೇ ಆಗಬೇಕು ಅಂತ ಗುರಿ ಇಟ್ಟುಕೊಂಡಿತ್ತು. ನೋಟು ಬಳಸಬೇಡಿ ಅಂತ ಒಂದು ಕೈಯಲ್ಲಿ ಹೇಳುತ್ತಾ, ಇನ್ನೊಂದು ಕೈಯಲ್ಲಿ ಜಗತ್ತಿನ ಅತಿ ಚೆಂದದ ನೋಟು ಅಚ್ಚು ಹಾಕಿದರು. ಮದ್ಯಪಾನ ಬಿಡಿಸುವ ಶಿಬಿರದಲ್ಲಿ ಬೆಳ್ಳಿ ಲೋಟ ಹಂಚಿದ ಹಾಗೆ.

ಸರಿ, ನನ್ನ ಹಸಿವಿಗೆ ಬರೋಣ. ನಮ್ಮ ಪರದಾಟ ನೋಡಿ ಒಲೆ ಮುಂದಿದ್ದ ಯಜಮಾನ ಕೈ ಒರೆಸಿಕೊಂಡು ಬಂದ. ಅವನ ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ನನ್ನ ಹೊಸ ಕಿತಸಾತೊನನ್ನು ಎರಡೂ ಕೈಯಲ್ಲಿ ತಗೊಂಡು, ಡಬ್ಬಿಯಿಂದ ಒಂದು ಹಳೆ ನೊಗುಚಿಯನ್ನು ಎರಡೂ ಕೈಯಲ್ಲಿ ಕೊಟ್ಟು, ಬಗ್ಗಿ ಕ್ಷಮೆ ಕೇಳಿದ. ತಪ್ಪು ಯಾರದು, ಸೊಂಟ ಬಗ್ಗಿಸುವವನು ಯಾರು! ಆ ನೊಗುಚಿಯ ಬಲ ಮೂಲೆಯಲ್ಲಿ ಕಡಲೆಬೀಜದಷ್ಟು ಎಣ್ಣೆ ಕಲೆ ಇತ್ತು. ಮಷೀನು ಅದನ್ನು ಗಬಕ್ಕನೆ ನುಂಗಿ 950 ಯೆನ್ನಿನ ಚೀಟಿ ಉದುರಿಸಿತು. ನಮ್ಮ ದುಡ್ಡಿನಲ್ಲಿ ಐನೂರು ಚಿಲ್ಲರೆ.

ರಾಮೆನ್ ಬಂತು. ಬಟ್ಟಲು ತುಂಬಾ ಕೆನೆಬಣ್ಣದ ಬಿಸಿ ಸಾರು, ಮೇಲೆ ಎಣ್ಣೆಯ ಕಣ್ಣುಗಳು, ಎರಡು ತುಂಡು ಹಂದಿ ಮಾಂಸ, ಹಳದಿ ಇನ್ನೂ ಅಲ್ಲಾಡುವ ಅರ್ಧ ಮೊಟ್ಟೆ, ಈರುಳ್ಳಿ ಸೊಪ್ಪು. ಸುತ್ತಲಿನ ಸ್ಟೂಲುಗಳಿಂದ ಸೊರ್, ಸೊರ್, ಸೊರ್. ನನಗೆ ಕಣ್ಣು ತುಂಬಿ ಬಂತು. ಮದುವೆ ಮನೆಯಲ್ಲಿ ಎಲೆಯ ಮೇಲಿನ ಪಾಯಸ ಸೊರ್ ಅಂತ ಸುರಿದಿದ್ದಕ್ಕೆ ಹೆಂಡತಿ ನನ್ನ ಕಡೆ ಮೂವತ್ತು ವರ್ಷ ಕಣ್ಣು ಬಿಟ್ಟಿದ್ದಾಳೆ. ಇಲ್ಲಿ ಅದೇ ಮರ್ಯಾದೆ.

ಇದಕ್ಕೂ ಕಲ್ಲು ಹಾಕುವವರು ಹುಟ್ಟಿಕೊಂಡಿದ್ದರು. ಸೊರ್ ಸದ್ದಿನಿಂದ ವಿದೇಶಿಯರಿಗೆ ಹಿಂಸೆಯಾಗುತ್ತದೆ ಅಂತ ಯಾರೋ ಶುರು ಮಾಡಿ, ಅದಕ್ಕೆ 'ನೂಡಲ್ ಕಿರುಕುಳ' ಅಂತ ಹೆಸರೂ ಇಟ್ಟರು. 2017ರಲ್ಲಿ ನಿಸ್ಸಿನ್ ಕಂಪನಿ, ಅದೇ ಕಪ್ ನೂಡಲ್ಸ್‌ನವರು, ಅದಕ್ಕೊಂದು ಪರಿಹಾರ ತಂದರು. ಫೋರ್ಕು! ನೀವು ಸೊರ್ ಅಂದ ತಕ್ಷಣ ಅದು ನಿಮ್ಮ ಫೋನಿಗೆ ಸುದ್ದಿ ಮುಟ್ಟಿಸುತ್ತದೆ, ಫೋನು ಬೇರೊಂದು ಸದ್ದು ಮಾಡಿ ಸೊರ್ ಅನ್ನು ಮುಚ್ಚುತ್ತದೆ. ಬೆಲೆ 14,800 ಯೆನ್. 5000 ಜನ ಮುಂಗಡ ಹೇಳಿದರೆ ಮಾತ್ರ ಮಾಡುತ್ತೇವೆ ಅಂದರು. ಅದಕ್ಕೆ ಸ್ಫೂರ್ತಿ ಎಲ್ಲಿಯದು ಗೊತ್ತಾ? ಟಾಯ್ಲೆಟ್ಟಿನದು. ಜಪಾನಿನ ಹೆಂಗಸರು ಸದ್ದು ಹೊರಗೆ ಕೇಳಬಾರದು ಅಂತ ಸುಮ್ನೆ ನೀರು ಬಿಡುತ್ತಿದ್ದರು. ಆ ನೀರು ಉಳಿಸಲು ಟೋಟೊ ಕಂಪನಿ 1988ರಲ್ಲಿ ನೀರಿನ ಸದ್ದು ಮಾತ್ರ ಮಾಡುವ 'ಒಟೊಹಿಮೆ' ಅನ್ನುವ ಡಬ್ಬಿ ತಂದಿತು. ಫೋರ್ಕಿನ ಹೆಸರು 'ಒಟೊಹಿಕೊ'. ಅಲ್ಲಿ 'ಹಿಮೆ' ಅಂದರೆ ರಾಜಕುಮಾರಿ, ಇಲ್ಲಿ 'ಹಿಕೊ' ಅಂದರೆ ರಾಜಕುಮಾರ. ಊಟದ ಮನೆಗೂ ಬಚ್ಚಲಿಗೂ ಸಂಬಂಧ ಬೆಳೆಸಿದ ಇಂಥ ಬುದ್ಧಿವಂತರಿರುವ ದೇಶದಲ್ಲಿ ಒಂದು ನೋಟು ಓದುವ ಮಷೀನು ಸಿಗುವುದಿಲ್ಲ ಅಂದರೆ ನಂಬುವುದು ಹೇಗೆ?

ಸಿಗುತ್ತದೆ. ದುಡ್ಡು ಕೊಟ್ಟರೆ. ಹೊಸ ಮಷೀನಿಗೆ 10 ಲಕ್ಷ ಯೆನ್‌ನಿಂದ 20 ಲಕ್ಷದವರೆಗೆ ಹೇಳುತ್ತಾರೆ. ಅಳಿಯ ಯಜಮಾನನ ಹತ್ತಿರ ಮಾತಾಡಿ ಹೇಳಿದ್ದಿಷ್ಟು. 2021ರಲ್ಲಿ ಹೊಸ 500 ಯೆನ್ ನಾಣ್ಯ ಬಂದಾಗಲೇ ಒಂದು ಸಲ ಇದರ ಹೊಟ್ಟೆ ಕುಯ್ಯಿಸಿ ಖರ್ಚು ಮಾಡಿದ್ದಾನೆ. ಈಗ ಮತ್ತೆ. ಕಡಿಮೆಯದನ್ನೇ ತಗೊಂಡರೂ ಸಾವಿರ ಚಿಲ್ಲರೆ ಬಟ್ಟಲಿನ ವ್ಯಾಪಾರ ಅದಕ್ಕೇ ಹೋಗುತ್ತದೆ. ಲಾಭದ ಮಾತಲ್ಲ, ವ್ಯಾಪಾರದ್ದು. ರೇಟು ಏರಿಸೋಣ ಅಂದರೆ ರಾಮೆನ್‌ಗೆ ಸಾವಿರ ಯೆನ್ ದಾಟಿದರೆ ಗಿರಾಕಿ ತಿರುಗಿಯೂ ನೋಡುವುದಿಲ್ಲ. 'ಸಾವಿರದ ಗೋಡೆ' ಅಂತ ಅದಕ್ಕೆ ಹೆಸರೇ ಇದೆ. ಟೋಕಿಯೋದ ಕತ್ಸುಶಿಕಾ ವಾರ್ಡಿನಂಥ ಒಂದೆರಡು ಕಡೆ ಮಷೀನಿಗೆ ಸಹಾಯಧನ ಕೊಟ್ಟರು. ಉಳಿದವರು? ಉಳಿದವರು ಬಗ್ಗಿ ಕ್ಷಮೆ ಕೇಳುತ್ತಿದ್ದಾರೆ.

ಇಲ್ಲಿ ನನಗೆ ನಗು ಬರುವುದಿಲ್ಲ. ನೋಟು ಬದಲಿಸಿದವರು ಫೋಟೊ ತೆಗೆಸಿಕೊಂಡು ಮನೆಗೆ ಹೋದರು. ಅಚ್ಚು ಹಾಕಿದವರಿಗೆ ಸಂಬಳ ಬಂತು, ಮಷೀನು ಮಾಡುವವರಿಗೆ ಆರ್ಡರು ಬಂತು, ಬ್ಯಾಂಕುಗಳು ಮೊದಲೇ ಸಿದ್ಧವಾಗಿದ್ದವು. ಖರ್ಚಿನ ಚೀಟಿ ಮಾತ್ರ ಬಂದು ಬಿದ್ದದ್ದು ಬೆಳಗಿನ ಜಾವ ಎದ್ದು ಮೂಳೆ ಕುದಿಸುವ ಮುದುಕನ ಹಲಗೆಯ ಮೇಲೆ. ಅವನು ಈ ನೋಟು ಬೇಕು ಅಂತ ಯಾರನ್ನೂ ಕೇಳಿರಲಿಲ್ಲ. ಯಾವ ದೇಶಕ್ಕೆ ಹೋದರೂ ಇದೇ. ಸುಧಾರಣೆ ಮಾಡುವವರೊಬ್ಬರು, ಅದಕ್ಕೆ ದುಡ್ಡು ಕಟ್ಟುವವರೊಬ್ಬರು. ಸಾಕಾಗಿದೆ.

ಅಷ್ಟರಲ್ಲಿ ಅಳಿಯನಿಗೆ ಬಿಯರ್ ನೆನಪಾಯಿತು. ಅವನ ಜೇಬಿನಲ್ಲೂ ಬರೀ ಕಿತಸಾತೊಗಳೇ. ಯಜಮಾನ ಡಬ್ಬಿ ತೆರೆದ. ಖಾಲಿ. ಮಧ್ಯಾಹ್ನದ ನೂಕುನುಗ್ಗಲಲ್ಲಿ ನೊಗುಚಿಗಳೆಲ್ಲ ಮಷೀನಿನ ಹೊಟ್ಟೆ ಸೇರಿದ್ದರು. ಅವನು ಸೊಂಟದಲ್ಲಿದ್ದ ಬೀಗದ ಕೈ ತೆಗೆದು, ಮಷೀನಿನ ಬಾಗಿಲು ತೆರೆದು, ಒಂದು ಹಿಡಿ ಹಳೆ ನೋಟು ಈಚೆ ಎಳೆದು ಡಬ್ಬಿಗೆ ತುಂಬಿದ. ಮೇಲಿನದನ್ನು ಎರಡೂ ಕೈಯಲ್ಲಿ ಹಿಡಿದು ಅಳಿಯನಿಗೆ ಕೊಟ್ಟು ಬಗ್ಗಿದ.

"ದಿನಕ್ಕೆ ಎಷ್ಟು ಸಲ ಹೀಗೆ ಅಂತ ಕೇಳೋ" ಅಂದೆ.

ಅಳಿಯ ಕೇಳಿದ. ಯಜಮಾನ ಬೆರಳು ಎಣಿಸಲು ಶುರು ಮಾಡಿ, ನಡುವೆ ಬಿಟ್ಟು ನಕ್ಕ.

ಅಳಿಯನ ಕೈಯಲ್ಲಿದ್ದ ನೋಟಿನ ಬಲ ಮೂಲೆಯಲ್ಲಿ ಕಡಲೆಬೀಜದಷ್ಟು ಎಣ್ಣೆ ಕಲೆ ಇತ್ತು.