ಬೇಸ್ ಹುಡುಗನ ನೆಗಡಿ ವಾಸಿಯಾಯಿತು

ಹಾರ್ಮನಿ ತಂಡ ಕಟ್ಟೋದು ಅಂದರೆ ಚೆನ್ನಾಗಿ ಹಾಡುವ ನಾಲ್ಕು ಜನರನ್ನು ಹಿಡಿದು ಸಾಲಾಗಿ ನಿಲ್ಲಿಸೋದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾವೂ ಹಾಗೇ ನಿಂತೆವು. ನಾಲ್ಕೂ ಜನ ಒಂದೇ ಟ್ಯೂನ್ ಹಾಡಿದೆವು, ಅದೂ ಒಬ್ಬರಿಗಿಂತ ಒಬ್ಬರು ಜೋರಾಗಿ. ಅದಕ್ಕೆ ಹಾರ್ಮನಿ ಅನ್ನಲ್ಲ, ಶಾಲೆಯ ಪ್ರಾರ್ಥನೆ ಅಂತಾರೆ.

ಹಾರ್ಮನಿಯಲ್ಲಿ ಒಬ್ಬೊಬ್ಬರು ಬೇರೆ ಬೇರೆ ಸ್ವರದ ಸಾಲು ಹಾಡಬೇಕು, ಎಲ್ಲ ಸೇರಿ ಒಂದಕ್ಕೊಂದು ಹೊಂದಬೇಕು. ತೊಂದರೆ ಏನಪ್ಪಾ ಅಂದರೆ ಎಲ್ಲರಿಗೂ ಮೇನ್ ಟ್ಯೂನೇ ಬೇಕು. ಕೆಳಗಿನ ಸಾಲು, ಪಕ್ಕದ ಸಾಲು ಯಾರಿಗೂ ಬೇಡ. ಅದನ್ನು ಒಂಟಿಯಾಗಿ ಹಾಡಿದರೆ ಹಾಡೇ ಅನ್ನಿಸಲ್ಲ, ಯಾರೋ ಬೇಜಾರಿನಲ್ಲಿ ಗುನುಗುತ್ತಾ ಓಡಾಡುತ್ತಿದ್ದಾರೆ ಅನ್ನಿಸುತ್ತೆ. ಕೊನೆಗೆ ಚೀಟಿ ಎತ್ತಿದೆವು. ಆಲ್ಟೊ, ಅಂದರೆ ಆ ಪಕ್ಕದ ಸಾಲು, ಬಂದಿದ್ದು ನಮ್ಮಲ್ಲೇ ಹಟಮಾರಿ ಹುಡುಗಿಗೆ.

ನಾನು 'ಸ' ಹಿಡಿಯಬೇಕು, ಅವಳು 'ಗ' ಹಿಡಿಯಬೇಕು. ಲೆಕ್ಕ ಸುಲಭ. ನನ್ನ ಗಂಟಲು ಸೆಕೆಂಡಿಗೆ 400 ಸಲ ಕಂಪಿಸಿದರೆ ಅವಳದ್ದು 500 ಸಲ ಕಂಪಿಸಬೇಕು, ನಾಲ್ಕಕ್ಕೆ ಐದು. ಅದು ಸರಿಯಾಗಿ ಕೂತ ಕ್ಷಣ ಕಿವಿಗೆ ಗೊತ್ತಾಗುತ್ತೆ, ಯಾರೂ ಹೇಳಬೇಕಿಲ್ಲ. ಕೂರದಿದ್ದರೂ ಗೊತ್ತಾಗುತ್ತೆ. ಒಂದೇ ಸ್ವರವನ್ನು ಇಬ್ಬರು ಹಾಡುವಾಗ ಒಬ್ಬರು 440ರಲ್ಲಿ, ಇನ್ನೊಬ್ಬರು 443ರಲ್ಲಿ ಇದ್ದರೆ ಸೆಕೆಂಡಿಗೆ ಮೂರು ಸಲ ವೊಂಯ್ ವೊಂಯ್ ಅಂತ ಸದ್ದು ಏರಿಳಿಯುತ್ತೆ. ಮೊದಮೊದಲು ನಮ್ಮಲ್ಲಿ ವೊಂಯ್ ವೊಂಯ್ ಬಿಟ್ಟರೆ ಬೇರೆ ಏನೂ ಕೇಳಿಸುತ್ತಲೇ ಇರಲಿಲ್ಲ.

ಹಾಡಿನ ಎರಡನೇ ಸಾಲು ಮುಗಿಯುವಷ್ಟರಲ್ಲಿ ಅವಳು ಜಾರಿ ನನ್ನ ಟ್ಯೂನಿಗೆ ಬಂದುಬಿಡುತ್ತಿದ್ದಳು. ಎಲ್ಲ ತಂಡಗಳಲ್ಲೂ ಇದು ಇದ್ದದ್ದೇ, ಮೇನ್ ಟ್ಯೂನ್ ಪಕ್ಕದವರನ್ನು ಹಾಗೇ ಎಳೆಯುತ್ತೆ. ಅವಳು ಮನೆಗೆ ಹೋಗಿ, ಕಿವಿಗೆ ಬೆರಳಿಟ್ಟುಕೊಂಡು ಎಷ್ಟು ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡು ಬಂದಳು ಅಂದರೆ, ಮುಂದಿನ ಸಲ ನಾವು ಮೂವರೂ ಜಾರಿ ಅವಳ ಸಾಲಿಗೆ ಹೋದೆವು. ಮೇನ್ ಟ್ಯೂನ್ ಹಾಡೋಕೆ ಜನವೇ ಇಲ್ಲ! ಹಾಡು ಮುಗಿದ ಮೇಲೂ ಅದು ಯಾರಿಗೂ ಹೊಳೆಯಲಿಲ್ಲ. ರೆಕಾರ್ಡಿಂಗ್ ಕೇಳಿ, ಇದು ಯಾವ ಹಾಡು ಅಂತ ನಾವೇ ಯೋಚಿಸಿದೆವು.

ವಾದ್ಯ ಇಲ್ಲದೆ ಹಾಡಿದರೆ ಶ್ರುತಿ ನಿಧಾನಕ್ಕೆ ಕೆಳಗಿಳಿಯುತ್ತೆ, ಅದು ಬೇರೆ ಕಥೆ. ಎಲ್ಲರೂ ಒಟ್ಟಿಗೇ ಇಳಿಯೋದರಿಂದ ಯಾರಿಗೂ ಗೊತ್ತಾಗಲ್ಲ, ಅದೊಂದೇ ನಮ್ಮಲ್ಲಿದ್ದ ಒಗ್ಗಟ್ಟು.

ಇನ್ನು ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಸಾಲು. ನಮ್ಮ ಹುಡುಗರಲ್ಲಿ ಯಾರಿಗೂ ಅಷ್ಟು ಕೆಳಗಿನ ದನಿ ಇರಲಿಲ್ಲ. ಒಂದು ದಿನ ನಮ್ಮವನೊಬ್ಬ ಮೂಗು ಸೋರಿಸಿಕೊಂಡು ಬಂದು 'ಹಲೋ' ಅಂದ, ನಾವೆಲ್ಲ ಬೆಚ್ಚಿಬಿದ್ದೆವು. ನೆಗಡಿಗೆ ಗಂಟಲು ಊದಿಕೊಂಡರೆ ಧ್ವನಿತಂತುಗಳು ದಪ್ಪಗಾಗಿ ನಿಧಾನಕ್ಕೆ ಕಂಪಿಸುತ್ತವೆ, ದನಿ ಇಳಿಯುತ್ತೆ. ಅವನು ಹಾಡಿದ್ದೇ ತಡ ಮೆಟ್ಟಿಲ ಕಂಬಿ ಗುಂಯ್ ಅಂತು. ಅವತ್ತು ಮೊದಲ ಸಲ ನಾವು ತಂಡದ ಥರ ಕೇಳಿಸಿದೆವು. ನಾಲ್ಕೇ ದಿನ. ಆಮೇಲೆ ಅವನಿಗೆ ವಾಸಿಯಾಗಿ, ಮಂದ್ರದ 'ಪ' ಮುಟ್ಟೋಕೆ ಹೋದರೆ ಬರೀ ಗಾಳಿ ಬರತೊಡಗಿತು. "ಮಗಾ, ಸ್ವಲ್ಪ ಮಳೆಯಲ್ಲಿ ನೆನೆದು ಬಾರೋ" ಅಂತ ನಮ್ಮ ಆಲ್ಟೊ ಹೇಳಿದ್ದು ತಮಾಷೆಗಲ್ಲ.

ನಾವು ಹಾಡುತ್ತಿದ್ದುದು ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ತಿರ, ಅಲ್ಲಿ ದನಿ ಗುಂಯ್‌ಗುಟ್ಟಿ ಎಲ್ಲ ತಪ್ಪೂ ಮುಚ್ಚಿಹೋಗುತ್ತೆ. ಆದರೆ ಮೇಲೆ ಕೆಳಗೆ ಇರುವವರಿಗೂ ಕೇಳಿಸುತ್ತೆ. ಕೆಳಗಿನ ಮನೆಯ ಹುಡುಗ ಪುಸ್ತಕ ಹಿಡಿದುಕೊಂಡೇ ಹತ್ತಿ ಬಂದ. "ಏನ್ರೋ ಇದು, ನಾಳೆ ಪರೀಕ್ಷೆ ಇದೆ, ಓದ್ಬೇಕೋ ಬೇಡ್ವೋ?" ಅಂದ. ಯಾರೂ ಕ್ಷಮೆ ಕೇಳಲಿಲ್ಲ. ದನಿ ಯಾವ ಸ್ವರದಲ್ಲಿದೆ ಅಂತ ತೋರಿಸುವ ಟ್ಯೂನರ್ ಆ್ಯಪ್ ತೆರೆದಿದ್ದವಳು ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದು, "ಇನ್ನೊಂದ್ಸಲ ಬೈಯಿರಿ" ಅಂದಳು. ಅವನು ಬೈದ. ಮುಳ್ಳು ನಮಗೆ ಬೇಕಾದ ಸ್ವರದ ಮೇಲೇ ನಿಂತಿತು.

ಬೇಸ್ ದನಿಯವರು ಎಲ್ಲ ತಂಡಕ್ಕೂ ಹೀಗೇ ಕೊನೇ ಗಳಿಗೆಯಲ್ಲಿ ಸಿಗ್ತಾರೋ ಏನೋ. ವಾದ್ಯ ಇಲ್ಲದೆ ಹಾಡುವ ಅಮೆರಿಕದ ತಂಡ ಪೆಂಟಾಟೋನಿಕ್ಸ್‌ನ ಐದೂ ಜನ ಒಟ್ಟಿಗೆ ಸೇರಿದ್ದೇ 2011ರಲ್ಲಿ, ಟಿವಿ ಸ್ಪರ್ಧೆಯ ಆಡಿಷನ್ನಿನ ಹಿಂದಿನ ದಿನ. ಆ ವರ್ಷ ಗೆದ್ದಿದ್ದೂ ಅವರೇ. ಕೆಳಗಿನ ಮನೆಯ ಹುಡುಗನಿಗೆ ಈ ಕಥೆ ಹೇಳಿದರೆ, "ಪರೀಕ್ಷೆ ಮುಗೀಲಿ" ಅಂದ. ಮುಗಿದ ಮೇಲೆ ಬಂದ, ಈಗ ಎಲ್ಲರಿಗಿಂತ ಮೊದಲು ಬರುವವನು ಅವನೇ. ನೆಗಡಿಯ ಹುಡುಗನಿಗೆ ಬೀಟ್‌ಬಾಕ್ಸ್, ಅಂದರೆ ಬಾಯಲ್ಲೇ ಡ್ರಮ್ಮಿನ ಸದ್ದು ಮಾಡುವ ಕೆಲಸ, ಕೊಟ್ಟೆವು. ಮೈಕ್ ಒರೆಸೋಕೆ ಅವನೇ ಟವೆಲ್ ತರುತ್ತಾನೆ.

ಹೆಸರಿಗೆ ಮಾತ್ರ ಜಗಳವೋ ಜಗಳ. 1961ರಲ್ಲಿ ಕ್ಯಾಲಿಫೋರ್ನಿಯಾದ ಐದು ಹುಡುಗರು ತಮ್ಮನ್ನು ಪೆಂಡಲ್‌ಟೋನ್ಸ್ ಅಂತ ಕರೆದುಕೊಂಡಿದ್ದರು. ಮೊದಲ ರೆಕಾರ್ಡ್ ಕೈಗೆ ಬಂದಾಗ ಅದರ ಮೇಲೆ ಬೀಚ್ ಬಾಯ್ಸ್ ಅಂತ ಅಚ್ಚಾಗಿತ್ತು. ಕಂಪನಿಯವರು ಒಂದು ಮಾತೂ ಕೇಳದೆ ಬದಲಾಯಿಸಿದ್ದರು. ನಮ್ಮದೂ ಹೆಚ್ಚುಕಡಿಮೆ ಹಾಗೇ ಆಯಿತು. ಮೊದಲ ಕಾರ್ಯಕ್ರಮದ ಫಾರ್ಮಿನಲ್ಲಿ, ಜಗಳ ಮುಗಿಯದ ಕಾರಣ, ತಂಡದ ಹೆಸರಿನ ಜಾಗದಲ್ಲಿ 'ಆಮೇಲೆ ಹೇಳ್ತೀವಿ' ಅಂತ ಬರೆದುಕೊಟ್ಟಿದ್ದೆವು. ನಿರೂಪಕರು ಗಂಭೀರವಾಗಿ, "ಈಗ ವೇದಿಕೆಗೆ ಬರುತ್ತಿದ್ದಾರೆ, ಆಮೇಲೆ ಹೇಳ್ತೀವಿ!" ಅಂದರು. ಜನ ಚಪ್ಪಾಳೆ ತಟ್ಟಿದರು. ಹೆಸರು ಅಂಟಿಕೊಂಡಿತು.

ತಂಡದ ಹೆಸರೇನು ಅಂತ ಈಗಲೂ ಯಾರಾದರೂ ಕೇಳಿದರೆ ಹೇಳುತ್ತೇವೆ. ಅವರು ಸರಿ ಅಂತ ತಲೆಯಾಡಿಸಿ, ಕಾಯುತ್ತಾ ನಿಲ್ಲುತ್ತಾರೆ.