ತೈಲ ಬಾವಿಗೆ ಎದುರಾಳಿ ಸೋಲಾರ್ ಪ್ಯಾನಲ್ ಅಲ್ಲ

ನಮ್ಮದೇ ನೆಲದಲ್ಲಿ ತೈಲ ಕೊರೆಯೋಣ ಎನ್ನುವವರು ಒಂದು ಕಡೆ, ಅದೇ ದುಡ್ಡನ್ನು ಸೋಲಾರಿಗೂ ಗಾಳಿಯಂತ್ರಕ್ಕೂ ಹಾಕೋಣ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದು ಲೆಕ್ಕ ಬಿಟ್ಟೇ ಮಾತಾಡುತ್ತಾರೆ. ಜಗತ್ತಿನ ಒಟ್ಟು ವಿದ್ಯುತ್ತಿನಲ್ಲಿ ತೈಲ ಸುಟ್ಟು ತಯಾರಾಗುವುದು ಶೇ. 3ರ ಆಸುಪಾಸು ಅಷ್ಟೇ. ಮಿಕ್ಕಿದ್ದೆಲ್ಲ ಕಲ್ಲಿದ್ದಲು, ಅನಿಲ, ನೀರು, ಅಣು, ಗಾಳಿ, ಬಿಸಿಲು. ಹಾಗಾಗಿ ಹೊಸ ಪ್ಯಾನಲ್‌ಗಳು ಮೊದಲು ಜಾಗ ಬಿಡಿಸುವುದು ಕಲ್ಲಿದ್ದಲು ಮತ್ತು ಅನಿಲವನ್ನು. ತೈಲ ಕೂತಿರುವುದು ಕಾರು, ಲಾರಿ, ಹಡಗು, ವಿಮಾನಗಳ ಟ್ಯಾಂಕಿನಲ್ಲಿ. ಅಲ್ಲಿ ಏನೂ ಬದಲಾಗದೆ ಊರ ತುಂಬ ಪ್ಯಾನಲ್ ಹಾಕಿದರೂ ಒಂದು ಬಾವಿಯೂ ನಿಲ್ಲುವುದಿಲ್ಲ.

ಬಾವಿಯ ವಿಷಯಕ್ಕೇ ಮೊದಲು ಬರೋಣ. ಒಮ್ಮೆ ಕೊರೆದರೆ ನಲ್ಲಿ ತಿರುಗಿಸಿದ ಹಾಗೆ ಎಣ್ಣೆ ಬರುತ್ತಲೇ ಇರುತ್ತದೆ ಎಂಬ ನಂಬಿಕೆ ಬಹಳ ಜನಕ್ಕಿದೆ. ಎಣ್ಣೆಯನ್ನು ಮೇಲಕ್ಕೆ ತಳ್ಳುವುದು ಕಲ್ಲಿನ ಪದರದೊಳಗಿನ ಒತ್ತಡ. ಹೊರಗೆ ಬಂದ ಪ್ರತಿ ಬ್ಯಾರೆಲ್ ಆ ಒತ್ತಡವನ್ನು ಅಷ್ಟಿಷ್ಟು ತಿನ್ನುತ್ತದೆ. ಕೊನೆಗೆ ಪಂಪ್ ಕೂರಿಸಬೇಕು, ಪಕ್ಕದ ಬಾವಿಗಳಿಂದ ನೀರು ಒಳಗೆ ತಳ್ಳಬೇಕು. ಹಳೇ ಬಾವಿಗಳಲ್ಲಿ ಎಣ್ಣೆಗಿಂತ ಉಪ್ಪುನೀರೇ ಹಲವು ಪಟ್ಟು ಮೇಲೆ ಬರುತ್ತದೆ. ಅದನ್ನು ಬೇರ್ಪಡಿಸಿ ಮತ್ತೆ ನೆಲದಾಳಕ್ಕೆ ಇಳಿಸುವ ಖರ್ಚೇ ಬಾವಿಯ ಆಯಸ್ಸನ್ನು ನಿರ್ಧರಿಸುತ್ತದೆ. ಇಷ್ಟೆಲ್ಲ ಮಾಡಿದರೂ ಸರಾಸರಿ ತೈಲ ಕ್ಷೇತ್ರವೊಂದರಲ್ಲಿ ಮೂರರಲ್ಲಿ ಎರಡು ಪಾಲು ಎಣ್ಣೆ ಕಲ್ಲಿನಲ್ಲೇ ಉಳಿಯುತ್ತದೆ.

ಶೇಲ್ ಎಂಬ ಬಿಗಿಯಾದ ಪದರಗಲ್ಲಿನಲ್ಲಿ ಕೊರೆಯುವ ಬಾವಿಗಳ ಅವಸ್ಥೆ ಇನ್ನೂ ಅವಸರದ್ದು. ಎರಡು ಮೂರು ಕಿಲೋಮೀಟರ್ ಕೆಳಗಿಳಿದು, ಅಲ್ಲಿಂದ ಅಡ್ಡಕ್ಕೆ ಮತ್ತೆ ಮೂರು ಕಿಲೋಮೀಟರ್ ಕೊರೆದು, ಕೋಟಿಗಟ್ಟಲೆ ಲೀಟರ್ ನೀರನ್ನೂ ಸಾವಿರಾರು ಟನ್ ಮರಳನ್ನೂ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳುತ್ತಾರೆ. ಸೀಳು ಮತ್ತೆ ಮುಚ್ಚಿಕೊಳ್ಳದಂತೆ ಮರಳಿನ ಕಾಳು ಅಡ್ಡ ನಿಲ್ಲುತ್ತದೆ. ಆದರೆ ಶೇಲ್ ಕಲ್ಲಿನೊಳಗೆ ಎಣ್ಣೆ ಹರಿಯುವುದೇ ಕಷ್ಟ. ಸೀಳಿನ ಅಕ್ಕಪಕ್ಕದ್ದು ಬರಿದಾದ ಮೇಲೆ ದೂರದ್ದು ಬಂದು ತುಂಬಿಕೊಳ್ಳುವುದಿಲ್ಲ. ಅದಕ್ಕೇ ಮೊದಲ ವರ್ಷದಲ್ಲೇ ಇಳುವರಿ ಶೇ. 60ರಿಂದ 70ರಷ್ಟು ಕುಸಿಯುತ್ತದೆ. ಉತ್ಪಾದನೆ ಇದ್ದಲ್ಲೇ ಇರಬೇಕಾದರೂ ಹೊಸ ಬಾವಿ ಕೊರೆಯುತ್ತಲೇ ಇರಬೇಕು.

ಉತ್ಪಾದನೆ ಇಳಿದಾಗ ಬಾವಿಯಾಚೆಗೂ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ಉತ್ತರ ತುದಿಯ ರಾಜ್ಯ ಅಲಾಸ್ಕಾದ ಪೈಪ್‌ಲೈನ್ ನೋಡಬೇಕು. ಅಲ್ಲಿನ ಪ್ರುಡೋ ಬೇನಲ್ಲಿ ತೈಲ ಸಿಕ್ಕಿದ್ದು 1968ರಲ್ಲಿ, ಪೈಪಿನಲ್ಲಿ ಹರಿದದ್ದು 1977ರಲ್ಲಿ. ಸಿಕ್ಕಿದ್ದಕ್ಕೂ ಹರಿದದ್ದಕ್ಕೂ ನಡುವೆ ಒಂಬತ್ತು ವರ್ಷ! 48 ಇಂಚು ವ್ಯಾಸ, ಸುಮಾರು 1,300 ಕಿಲೋಮೀಟರ್ ಉದ್ದದ ಪೈಪು. 1988ರಲ್ಲಿ ದಿನಕ್ಕೆ 20 ಲಕ್ಷ ಬ್ಯಾರೆಲ್ ಹರಿಯುತ್ತಿತ್ತು, ಈಗ 5 ಲಕ್ಷಕ್ಕೂ ಕಡಿಮೆ. ಪೈಪು ಅಷ್ಟೇ ದಪ್ಪ, ಹರಿವು ಮಾತ್ರ ಕಾಲು ಭಾಗ. ನಾಲ್ಕೈದು ದಿನದಲ್ಲಿ ಆ ತುದಿ ಸೇರುತ್ತಿದ್ದ ಎಣ್ಣೆಗೆ ಎರಡು ವಾರಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತು ಆ ಚಳಿಯಲ್ಲಿ ತೆವಳುವಾಗ ಎಣ್ಣೆ ತಣ್ಣಗಾಗುತ್ತದೆ, ಅದರಲ್ಲಿನ ಮೇಣ ಗೋಡೆಗೆ ಅಂಟುತ್ತದೆ, ನೀರಿನಂಶ ತಳಕ್ಕಿಳಿದು ಹೆಪ್ಪುಗಟ್ಟುವ ಭಯ ಹುಟ್ಟುತ್ತದೆ. 'ಪಿಗ್' ಎಂಬ ಸಾಧನವನ್ನು ಪೈಪಿನೊಳಗೆ ಬಿಟ್ಟು ಮೇಣ ಕೆರೆಸಬೇಕು. ಹರಿವು ಕಡಿಮೆಯಾದಷ್ಟೂ ಕೆರೆಯುವ ಕೆಲಸ ಜಾಸ್ತಿ. ಆಮೇಲೆ ಶುರುವಾಗುವ ವಾದ ಯಾವುದು ಗೊತ್ತೇ? ಪೈಪು ಉಳಿಯಬೇಕು, ಅದಕ್ಕಾಗಿ ಇನ್ನಷ್ಟು ಕೊರೆಯಿರಿ! ಅದೇ ಅಲಾಸ್ಕಾದ ವನ್ಯಜೀವಿ ಆಶ್ರಯತಾಣದಲ್ಲಿ ಕೊರೆಯಲು ದಶಕಗಟ್ಟಲೆ ರಾಜಕೀಯ ಜಗಳ ನಡೆಯಿತು. ಅಲ್ಲಿ ಕೊರೆಯುವ ಹಕ್ಕಿಗೆ 2021ರ ಜನವರಿಯಲ್ಲಿ ನಡೆದ ಹರಾಜಿನಲ್ಲಿ ಬಂದದ್ದು ಸುಮಾರು 1.44 ಕೋಟಿ ಡಾಲರ್. 2025ರ ಜನವರಿಯ ಹರಾಜಿಗೆ ಒಂದು ಬಿಡ್ಡೂ ಬರಲಿಲ್ಲ.

ಅಪಾಯದ ಮಾತನ್ನು ಒಂದೇ ಉದಾಹರಣೆಯಲ್ಲಿ ಹೇಳಬಹುದು. 2010ರ ಏಪ್ರಿಲ್ 20, ಮೆಕ್ಸಿಕೋ ಕೊಲ್ಲಿಯ ಮಕಾಂಡೊ ಬಾವಿ, ಮೇಲೆ 1,500 ಮೀಟರ್ ನೀರು. ಕೊರೆಯುವಾಗ ಬಾವಿಯ ತುಂಬ ಬೆರೈಟ್ ಎಂಬ ಖನಿಜ ಬೆರೆಸಿದ, 'ಮಡ್' ಎನ್ನುವ ಕೆಸರಿನಂಥ ಭಾರದ ದ್ರವ ಇರುತ್ತದೆ. ಕೆಳಗಿನ ಅನಿಲವನ್ನು ಒತ್ತಿ ಹಿಡಿಯುವುದು ಅದರ ತೂಕವೇ. ಮಡ್ ತೆಗೆಯುವ ಮೊದಲು ತಳದ ಸಿಮೆಂಟ್ ಗಟ್ಟಿಯಿದೆಯೇ ಎಂದು ಪರೀಕ್ಷಿಸಬೇಕು. ಮೇಲಿನ ತೂಕ ಇಳಿಸಿ ನೋಡಿದಾಗ ಒತ್ತಡ ಸೊನ್ನೆಯಲ್ಲೇ ನಿಂತರೆ ಸಿಮೆಂಟ್ ಸರಿ ಇದೆ ಎಂದರ್ಥ. ಅವತ್ತು ಡ್ರಿಲ್ ಪೈಪಿನ ಒತ್ತಡದ ಮೀಟರ್ 1,400 ಪಿಎಸ್‌ಐ ತೋರಿಸಿತು, ಪಕ್ಕದ ಸಣ್ಣ ಕೊಳವೆಯದು ಸೊನ್ನೆ ತೋರಿಸಿತು. ಬೇಕಾದ ಉತ್ತರ ಕೊಟ್ಟ ಮೀಟರನ್ನೇ ನಂಬಿ, ಮಡ್ ತೆಗೆದು ಸಮುದ್ರದ ನೀರು ತುಂಬಿದರು. ಅನಿಲ ನುಗ್ಗಿತು, 11 ಜನ ಸತ್ತರು. ಕೊನೆಯ ರಕ್ಷಣೆ ಎನಿಸಿದ್ದ, ಬಾವಿಯ ಬಾಯಿಯನ್ನು ಮುಚ್ಚುವ ಬ್ಲೋಔಟ್ ಪ್ರಿವೆಂಟರಿನೊಳಗೆ ಪೈಪು ಬಾಗಿ ಒಂದು ಬದಿಗೆ ಸರಿದಿತ್ತು, ಅದರ ಕತ್ತರಿಗಳು ಪೈಪನ್ನು ಪೂರ್ತಿ ಕತ್ತರಿಸಲಾಗಲಿಲ್ಲ. ಸೋರಿಕೆ ನಿಲ್ಲಲು 87 ದಿನ ಬೇಕಾಯಿತು. ಉಪಕರಣಗಳಿಗೆ ಅಲ್ಲಿ ಕೊರತೆ ಇರಲಿಲ್ಲ. ಆಳಕ್ಕೆ ಹೋದಷ್ಟೂ ಇಂಥ ಒಂದು ತಪ್ಪು ಓದಿಗೆ ತೆರಬೇಕಾದ ಬೆಲೆ ಏರುತ್ತದೆ.

ನಮ್ಮದೇ ತೈಲ ಇದ್ದರೆ ಪೆಟ್ರೋಲ್ ಅಗ್ಗವಾಗುತ್ತದೆ ಎನ್ನುವುದು ಎಲ್ಲಕ್ಕಿಂತ ಜನಪ್ರಿಯ ವಾದ, ಎಲ್ಲಕ್ಕಿಂತ ದುರ್ಬಲವೂ ಹೌದು. ಕಚ್ಚಾ ತೈಲಕ್ಕೆ ಬೆಲೆ ಕಟ್ಟುವುದು ಜಾಗತಿಕ ಮಾರುಕಟ್ಟೆ. ಅಮೆರಿಕ ಜಗತ್ತಿನಲ್ಲೇ ಅತಿ ಹೆಚ್ಚು ತೈಲ ತೆಗೆಯುವ ದೇಶ, ಆದರೂ 2022ರ ಜೂನ್‌ನಲ್ಲಿ ಅಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಇನ್ನೊಂದು ತಮಾಷೆ ನೋಡಿ. ಅಲ್ಲಿನ ಶೇಲ್ ಎಣ್ಣೆ ತೆಳು, ಆದರೆ ಕರಾವಳಿಯ ಬಹಳಷ್ಟು ರಿಫೈನರಿಗಳು ಕಟ್ಟಿರುವುದು ಮಂದ ಎಣ್ಣೆ ಒಡೆಯಲು. ಹಾಗಾಗಿ ಆ ದೇಶ ದಿನಕ್ಕೆ ಸುಮಾರು 40 ಲಕ್ಷ ಬ್ಯಾರೆಲ್ ಕಚ್ಚಾ ತೈಲ ಹೊರಗೆ ಮಾರುತ್ತದೆ, 60 ಲಕ್ಷಕ್ಕೂ ಹೆಚ್ಚು ಕೊಂಡು ತರುತ್ತದೆ. ಸ್ವಂತ ಬಾವಿಯಿಂದ ಸಿಗುವುದು ವಿದೇಶಿ ವಿನಿಮಯದ ಉಳಿತಾಯ, ರಾಯಲ್ಟಿ, ಕೆಲಸ, ಯುದ್ಧಕಾಲದಲ್ಲಿ ಒಂದಿಷ್ಟು ಧೈರ್ಯ. ಇವೂ ಸಣ್ಣವಲ್ಲ. ಆದರೆ ಬಂಕಿನ ಬೆಲೆಯ ಆಸೆ ತೋರಿಸಿ ಮತ ಕೇಳುವುದು ಮೋಸ.

ಈಗ ತೈಲದ ನಿಜವಾದ ಎದುರಾಳಿಯ ಮಾತು, ಅಂದರೆ ವಿದ್ಯುತ್ ಕಾರು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಅದರಲ್ಲಿ ಚಕ್ರಕ್ಕೆ ಮುಟ್ಟುವುದು ಕಾಲು ಭಾಗದಷ್ಟು, ಮಿಕ್ಕಿದ್ದು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಬಿಸಿಯಾಗಿ ಹೊರಗೆ. ಆ ಲೀಟರಿನಲ್ಲಿ ಕಾರು 15 ಕಿಲೋಮೀಟರ್ ಹೋಗುತ್ತದೆ ಅನ್ನಿ. ಅದೇ ಗಾತ್ರದ ವಿದ್ಯುತ್ ಕಾರಿಗೆ ಅಷ್ಟು ದೂರಕ್ಕೆ, ಚಾರ್ಜಿಂಗ್ ನಷ್ಟವೂ ಸೇರಿ, ಎರಡೂವರೆ ಯೂನಿಟ್ ಸಾಕು. ಒಂದು ಚದರ ಮೀಟರ್ ಪ್ಯಾನಲ್ 200 ವ್ಯಾಟ್. ಒಳ್ಳೆ ಬಿಸಿಲಿನ ಜಾಗದಲ್ಲಿ ದಿನಕ್ಕೆ ಮುಕ್ಕಾಲು ಯೂನಿಟ್‌ಗೆ ಮೋಸವಿಲ್ಲ. ಅಂದರೆ ಮೂರರಿಂದ ಮೂರೂವರೆ ಚದರ ಮೀಟರ್ ಪ್ಯಾನಲ್ ದಿನಕ್ಕೊಂದು ಲೀಟರ್ ಪೆಟ್ರೋಲನ್ನು ಉಳಿಸುತ್ತದೆ, ಮೊದಲ ವರ್ಷ ಮಾತ್ರವಲ್ಲ, 25 ವರ್ಷ. ಅದರ ಇಳುವರಿ ಕುಸಿಯುವುದು ವರ್ಷಕ್ಕೆ ಶೇ. ಅರ್ಧದಷ್ಟು. ಶೇಲ್ ಬಾವಿಯ ಶೇ. 60ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಷರತ್ತು ಒಂದೇ: ಬಿಸಿಲಿದ್ದಾಗಲೇ ಕಾರು ಚಾರ್ಜರಿಗೆ ಸಿಕ್ಕಿಸಿರಬೇಕು. ಜನ ಸಂಜೆ ಮನೆಗೆ ಬಂದು ಸಿಕ್ಕಿಸುತ್ತಾರೆ, ಸೂರ್ಯ ಮುಳುಗುವ ಹೊತ್ತಿಗೇ ಬೇಡಿಕೆ ಏರುತ್ತದೆ. ಹತ್ತು ಮನೆಯ ಬೀದಿಯಲ್ಲಿ ಎಲ್ಲರೂ 7 ಕಿಲೋವ್ಯಾಟ್ ಚಾರ್ಜರ್ ಒಟ್ಟಿಗೆ ಹಾಕಿದರೆ 70 ಕಿಲೋವ್ಯಾಟ್. ಆ ಬೀದಿಯ ಟ್ರಾನ್ಸ್‌ಫಾರ್ಮರ್ ಅದಕ್ಕೆಂದು ಇಟ್ಟದ್ದಲ್ಲ. ಅದರೊಳಗಿನ ಎಣ್ಣೆ ಅತಿಯಾಗಿ ಕಾದು ನಿರೋಧಕ ಕಾಗದ ಬೇಗ ಹಾಳಾಗುತ್ತದೆ. ಪರ್ಯಾಯ ಇಂಧನದವರು ಪ್ಯಾನಲ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಟ್ರಾನ್ಸ್‌ಫಾರ್ಮರ್ ಮುಂದೆ ಯಾರೂ ನಿಲ್ಲುವುದಿಲ್ಲ. ಅಮೆರಿಕದಲ್ಲಿ 2023ರ ಕೊನೆಗೆ ಗ್ರಿಡ್ಡಿಗೆ ಸೇರಲು ಸರದಿಯಲ್ಲಿ ಕಾದಿದ್ದ ಯೋಜನೆಗಳು ಸುಮಾರು 2,600 ಗಿಗಾವ್ಯಾಟ್. ಕೊರತೆ ಇರುವುದು ಪ್ಯಾನಲ್ಲಿಗಲ್ಲ, ತಂತಿ ಮತ್ತು ಸಬ್‌ಸ್ಟೇಷನ್ನಿಗೆ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದಾಗಲೂ ಉತ್ಪಾದನೆಗೆ ಬರವಿರಲಿಲ್ಲ, ಏರುತ್ತಿದ್ದ ವೋಲ್ಟೇಜನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಸಾಲದಾಯಿತು.

ವಿಮಾನದ ಮಾತು ಬೇರೆ. ಒಂದು ಕಿಲೋ ವಿಮಾನ ಇಂಧನದಲ್ಲಿ 12 ಯೂನಿಟ್, ಒಂದು ಕಿಲೋ ಬ್ಯಾಟರಿ ಪ್ಯಾಕಿನಲ್ಲಿ ಕಾಲು ಯೂನಿಟ್ಟೂ ಕಷ್ಟ. ಅಲ್ಲಿ ಇನ್ನೂ ಬಹಳ ಕಾಲ ಎಣ್ಣೆಯೇ. ಎಥೆನಾಲನ್ನು ನಾನು ಪರ್ಯಾಯದ ಲೆಕ್ಕಕ್ಕೆ ಅರ್ಧ ಮನಸ್ಸಿನಿಂದಲೇ ಸೇರಿಸುತ್ತೇನೆ. ಲೀಟರಿಗೆ ಪೆಟ್ರೋಲಿನ ಮೂರನೇ ಎರಡು ಭಾಗ ಶಕ್ತಿ, ಅದಕ್ಕೂ ನೆಲ, ನೀರು, ಗೊಬ್ಬರ.

ನಾರ್ವೆ ಉತ್ತರ ಸಮುದ್ರದಲ್ಲಿ ಕೊರೆಯುತ್ತಲೇ ಇದೆ, 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಶೇ. 89ರಷ್ಟು ವಿದ್ಯುತ್ ಕಾರುಗಳು. ತಾನು ಸುಡದೆ ಬೇರೆಯವರಿಗೆ ಮಾರುವುದು ನೈತಿಕವೇ ಎಂಬ ಪ್ರಶ್ನೆ ಇದೆ, ಇರಲಿ. ಬಾವಿ ಇದ್ದೂ ಚಕ್ರ ಬದಲಿಸಬಹುದು ಎಂಬುದಂತೂ ಕಣ್ಣಮುಂದಿದೆ. ಆದ್ದರಿಂದ ನನ್ನ ಪಟ್ಟು ಇಷ್ಟು: ಈಗಾಗಲೇ ಪೈಪು, ರಸ್ತೆ, ಪಂಪ್ ಇರುವ ಹಳೇ ಕ್ಷೇತ್ರಗಳಲ್ಲಿ ನೀರು, ಆ ನೀರನ್ನು ಮಂದವಾಗಿಸುವ ಪಾಲಿಮರ್ ತಳ್ಳಿ ಉಳಿದದ್ದನ್ನು ತೆಗೆಯಿರಿ. ಎಣ್ಣೆ ಕೊಡಲು ಹತ್ತು ವರ್ಷ ಹಿಡಿಯುವ ಹೊಸ ಆಳಸಮುದ್ರ, ಹೊಸ ಕಾಡು ಬೇಡ. ಆ ದುಡ್ಡು ಬೀದಿಯ ಟ್ರಾನ್ಸ್‌ಫಾರ್ಮರಿಗೂ ಬಸ್ ಡಿಪೋದ ಚಾರ್ಜರಿಗೂ ಹೋಗಲಿ.

ಇನ್ನು ಯಾರಿಗೇ ಅನುಮತಿ ಕೊಟ್ಟರೂ ಮುಚ್ಚುವ ಖರ್ಚನ್ನು ಮೊದಲೇ ಕಟ್ಟಿಸಿಕೊಳ್ಳಬೇಕು. ಬಾವಿ ಮುಚ್ಚುವುದೆಂದರೆ ಮಣ್ಣು ಎಳೆಯುವುದಲ್ಲ. ಎಣ್ಣೆ ಪದರದ ಎದುರಿಗೊಂದು, ಕುಡಿಯುವ ನೀರಿನ ಪದರದ ಕೆಳಗೊಂದು, ನೆಲಮಟ್ಟದಲ್ಲೊಂದು ಸಿಮೆಂಟ್ ಬಿರಡೆ ಇಳಿಸಿ, ಒತ್ತಡ ಹಾಕಿ ಪರೀಕ್ಷಿಸಿ, ಬಾವಿಯ ಉಕ್ಕಿನ ಹೊರಕೊಳವೆಯಾದ ಕೇಸಿಂಗನ್ನು ನೆಲದೊಳಗೆ ಕತ್ತರಿಸಿ ಮುಚ್ಚಳ ಬೆಸೆಯಬೇಕು. ಅಮೆರಿಕದಲ್ಲಿ ಮಾಲೀಕರಿಲ್ಲದೆ ಬಿದ್ದಿರುವ ಬಾವಿಗಳು ದಾಖಲಾದವೇ ಒಂದು ಲಕ್ಷ ದಾಟುತ್ತವೆ. ಅವುಗಳಿಗಾಗಿ 2021ರ ಕಾನೂನಿನಲ್ಲಿ 470 ಕೋಟಿ ಡಾಲರ್ ತೆಗೆದಿಟ್ಟರು, ತೆರಿಗೆಯ ದುಡ್ಡು. ಸೋಲಾರ್ ಪಾರ್ಕಿನವರಿಗೂ ಇದೇ ನಿಯಮ ಇರಲಿ, ಒಡೆದ ಪ್ಯಾನಲ್ಲಿನ ಗಾಜು, ಸೀಸ ಯಾರದೋ ಹೊಲದಲ್ಲಿ ಉಳಿಯದಂತೆ.