ಪೇರಿಸುವವರು, ತುಂಬುವವರು

ಅಮೆರಿಕದ ಮಿನ್ನೆಸೋಟದಲ್ಲಿ ಬೇಸಿಗೆ ಅಂದರೆ ಎಣಿಸಿ ಕೊಟ್ಟ ದುಡ್ಡಿದ್ದ ಹಾಗೆ. ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ, ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ. ಇವೆರಡರ ನಡುವಿನ ಶನಿವಾರ, ಭಾನುವಾರಗಳಲ್ಲಿ ಮನೆಮನೆಯ ಹಿತ್ತಲಿಂದ ಹೊಗೆ ಏಳುತ್ತಿರುತ್ತದೆ. ನಾನು ಇಲ್ಲಿಗೆ ಬಂದು 12 ವರ್ಷ ಆಯಿತು. ಅಷ್ಟೂ ವರ್ಷ ಕುಕ್‌ಔಟ್‌ಗಳಲ್ಲಿ, ಅಂದರೆ ಹಿತ್ತಲಲ್ಲಿ ಮಾಂಸ ಸುಟ್ಟು ತಿನ್ನುವ ಕೂಟಗಳಲ್ಲಿ, ಕೇಳಿಸಿಕೊಂಡಿದ್ದು ಒಂದೇ ಪ್ರಶ್ನೆ. "ಬರ್ಗರಾ, ಹಾಟ್ ಡಾಗಾ?"

ಮೊದಮೊದಲು ಈ ಪ್ರಶ್ನೆಯೇ ನನಗೆ ವಿಚಿತ್ರ ಅನಿಸುತ್ತಿತ್ತು. ನಮ್ಮ ಬಾಡೂಟದಲ್ಲಿ ಯಾರು ಹೀಗೆ ಕೇಳುತ್ತಾರೆ? ಪಂಕ್ತಿಯಲ್ಲಿ ಕೂತರೆ ಸಾಕು. ಮುದ್ದೆ, ಸಾರು, ಫ್ರೈ, ಅನ್ನ ಸರದಿಯಲ್ಲಿ ಎಲೆಗೆ ಬೀಳುತ್ತವೆ. ಬೇಡ ಅಂತ ಕೈ ಅಡ್ಡ ಇಟ್ಟರೂ ಬೆರಳ ಸಂದಿಯಲ್ಲಿ ಇನ್ನೊಂದು ತುಂಡು ಇಳಿಯುತ್ತದೆ. ಇಲ್ಲಿ ಮಾಂಸಕ್ಕೆ ಉಪ್ಪು, ಕಾಳುಮೆಣಸು ಬಿಟ್ಟರೆ ಹೆಚ್ಚೇನೂ ಹಾಕುವುದಿಲ್ಲ. ಸುಟ್ಟು ಕೊಡುತ್ತಾರೆ. ಮಿಕ್ಕ ರುಚಿಯೆಲ್ಲ ನಮ್ಮ ಜವಾಬ್ದಾರಿ. ಕಾಗದದ ತಟ್ಟೆ ಹಿಡಿದು ಸಾಸ್ ಬಾಟಲಿಗಳ ಮುಂದೆ ಯೋಚಿಸುತ್ತಾ ನಿಲ್ಲಬೇಕು.

ಎರಡೂ ಬೇಕು ಅನ್ನುವವರು ಏನು ಮಾಡುತ್ತಾರೆ ಗೊತ್ತಾ? ಪೇರಿಸುತ್ತಾರೆ. ಪ್ಯಾಟಿ, ಅಂದರೆ ಬರ್ಗರ್‌ನ ಕೈಮ ಬಿಲ್ಲೆ, ಅದರ ಮೇಲೆ ಸೀಳಿದ ಹಾಟ್ ಡಾಗ್ ಸಾಸೇಜ್, ಅದರ ಮೇಲೆ ಹಂದಿ ಮಾಂಸದ ತೆಳು ಪಟ್ಟಿ ಬೇಕನ್, ಅದರ ಮೇಲೆ ಚೀಸ್. ಬಾಯಿ ಎಷ್ಟು ತೆರೆದರೂ ಸಾಲದು. ಒಂದು ದುಂಡಗೆ, ಇನ್ನೊಂದು ಉದ್ದ, ಬನ್ನಿಗೂ ಗೊಂದಲ. ಆಸ್ಟ್ರೇಲಿಯಾದ ಒಬ್ಬರು ಎರಡಕ್ಕೂ ಒಗ್ಗುವ ಬನ್ ಯೋಚಿಸಿ ಅದಕ್ಕೆ ಅಮೆರಿಕದ ಪೇಟೆಂಟ್ ಕೂಡ ಪಡೆದಿದ್ದಾರೆ. ಜಾಣತನವೇ. ಆದರೆ ಮಾಂಸಗಳು ಬೆರೆಯಲಿಲ್ಲ, ಒಂದೇ ರೂಮಿನಲ್ಲಿ ಇಬ್ಬರು ಬಾಡಿಗೆಗೆ ಇದ್ದ ಹಾಗಾಯಿತು ಅಷ್ಟೇ.

ಹಾಗಂತ ಇಲ್ಲಿನವರಿಗೆ ತುಂಬುವ ಕಲೆ ಗೊತ್ತಿಲ್ಲ ಅಂತಲ್ಲ. ನಮ್ಮ ಮಿನಿಯಾಪೊಲಿಸ್ ನಗರದ ಹೆಮ್ಮೆಯೇ ಜೂಸಿ ಲೂಸಿ. ಎರಡು ತೆಳು ಪ್ಯಾಟಿಗಳ ನಡುವೆ ಚೀಸ್ ಇಟ್ಟು, ಅಂಚು ಒತ್ತಿ ಮುಚ್ಚಿ ಬೇಯಿಸಿದ ಬರ್ಗರ್. ಇದನ್ನು ಮೊದಲು ಮಾಡಿದ್ದು ನಾವು ಅಂತ ಮ್ಯಾಟ್ಸ್ ಬಾರ್, 5-8 ಕ್ಲಬ್ ಎರಡೂ ಹೇಳಿಕೊಳ್ಳುತ್ತವೆ. ಎರಡೂ ಇರುವುದು ಒಂದೇ ಸೀಡರ್ ಅವೆನ್ಯೂ ಮೇಲೆ. ಮ್ಯಾಟ್ಸ್‌ನವರು ಹೇಳುವ ವರ್ಷ 1954. ಮೊದಲ ಸಲ ತಿಂದಾಗ ಬಿಸಿ ಚೀಸ್ ನಾಲಿಗೆ ಸುಟ್ಟಿತು. ಸುಟ್ಟುಕೊಂಡ ಆ ಕ್ಷಣ ನೆನಪಾಗಿದ್ದು ಮಾತ್ರ ಹೋಳಿಗೆ. ಕಣಕದೊಳಗೆ ಹೂರಣ ಇಟ್ಟು ಮುಚ್ಚುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹೂರಣದ ಜಾಗದಲ್ಲಿ ಸಾಸೇಜ್ ಇಟ್ಟರೆ? ಕೈಮ ಕಣಕ, ಹಾಟ್ ಡಾಗ್ ಹೂರಣ. ಉದ್ದಕ್ಕೆ ಸುತ್ತಿದರೆ ಹಾಟ್ ಡಾಗ್ ಬನ್ನಿನಲ್ಲೇ ಕೂರುತ್ತದೆ. ನಮ್ಮ ಮನೆಯಲ್ಲಿ ದನದ ಮಾಂಸ ಬೇಯಿಸುವುದಿಲ್ಲ. ಹಾಗಾಗಿ ಕುರಿ ಕೈಮ, ಕೋಳಿ ಸಾಸೇಜ್.

ಮೊದಲ ಸಲ ಮಾನ ಹೋಯಿತು. ನೆಂಟರೆಲ್ಲ ನೋಡುತ್ತಿರುವಾಗಲೇ ಕೈಮ ಬಿರಿದು ಸರಳಿನ ಸಂದಿಯಿಂದ ಕೆಂಡಕ್ಕೆ ಬಿತ್ತು. ಕೊಬ್ಬು ಭಗ್ಗೆಂದು ಹತ್ತಿಕೊಂಡಿತು. ಕಾರಣ ಆಮೇಲೆ ಹೊಳೆಯಿತು. ಹಸಿ ಕೈಮ ಬೇಯುವಾಗ ನೀರು, ಕೊಬ್ಬು ಬಿಟ್ಟು ಕುಗ್ಗುತ್ತದೆ. ಒಳಗಿನ ಸಾಸೇಜ್ ಮೊದಲೇ ಬೆಂದದ್ದು, ಅಷ್ಟು ಕುಗ್ಗುವುದಿಲ್ಲ. ಚಿಕ್ಕದಾದ ಅಂಗಿಯನ್ನು ದಪ್ಪ ಮನುಷ್ಯನಿಗೆ ಹಾಕಿದರೆ ಗುಂಡಿ ಕಿತ್ತು ಬರುತ್ತಲ್ಲ, ಹಾಗೆ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಕೈಮ ಉಂಡೆಗೆ ನಾನು ಏನು ಹಾಕ್ತೀನಿ ಅಂತ ನೋಡೇ ಇಲ್ವೇನೋ? ಹುರಿಗಡಲೆ ಪುಡಿ ಹಾಕೋ. ಆಮೇಲೆ ಸುಮ್ನೆ ಕೆದಕಬೇಡ" ಅಂದರು. ಉಂಡೆಯನ್ನು ಕುದಿಯುವ ಸಾರಿಗೆ ಬಿಟ್ಟ ಮೇಲೆ ಅಮ್ಮ ಸೌಟು ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಗ್ರಿಲ್ ಮೇಲೂ ಅದೇ ನಿಯಮ. ತಳ ಬೆಂದು ಗಟ್ಟಿಯಾದರೆ ಮಾಂಸ ತಾನಾಗಿ ಸರಳನ್ನು ಬಿಡುತ್ತದೆ. ಅದಕ್ಕೂ ಮೊದಲು ಇಕ್ಕಳ ಹಾಕಿದರೆ ಕಿತ್ತು ಬರುತ್ತದೆ.

ಪಕ್ಕದ ಮನೆಯವನು ಬರ್ಗರ್ ವಿಷಯದಲ್ಲಿ ಕಟ್ಟಾ ಸಂಪ್ರದಾಯಸ್ಥ. ಕೈಮಕ್ಕೆ ಉಪ್ಪು ಕಲಸಿ ನಾದಿದರೆ ಪ್ಯಾಟಿ ರಬ್ಬರ್ ಆಗುತ್ತದೆ, ಉಪ್ಪೇನಿದ್ದರೂ ಕೊನೆಗೆ ಮೇಲೆ ಉದುರಿಸಬೇಕು ಅನ್ನುತ್ತಾನೆ. ಬರ್ಗರ್‌ಗೆ ಅವನ ಮಾತು ಸರಿ. ಆದರೆ ನನಗೆ ಬೇಕಿದ್ದದ್ದು ಆ ಅಂಟೇ. ಉಪ್ಪು ಹಾಕಿ ನಾದಿದರೆ ಕೈಮ ಜಿಗುಟಾಗಿ ಸಾಸೇಜನ್ನು ಹಿಡಿದುಕೊಳ್ಳುತ್ತದೆ. ಸಾಸೇಜಿನ ತೇವ ಒರೆಸಿದೆ, ಒಂದು ಸೆಂಟಿಮೀಟರ್‌ಗಿಂತ ತೆಳ್ಳಗೆ ಕೈಮ ಸುತ್ತಿದೆ, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟೆ. ಇದ್ದಿಲನ್ನೆಲ್ಲ ಒಂದು ಬದಿಗೆ ತಳ್ಳಿ, ಮೊದಲು ಕೆಂಡದ ಮೇಲೆ ಬಣ್ಣ ಬರಿಸಿ, ಆಮೇಲೆ ಕೆಂಡ ಇಲ್ಲದ ಕಡೆ ಸರಿಸಿ ಮುಚ್ಚಳ ಹಾಕಿದೆ. ಕುರಿ ಕೈಮಕ್ಕೆ 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71 ಸೆಲ್ಸಿಯಸ್, ಮುಟ್ಟಬೇಕು ಅಂತ ಇಲ್ಲಿನ ಕೃಷಿ ಇಲಾಖೆ ಹೇಳುತ್ತದೆ. ಥರ್ಮಾಮೀಟರ್ ಚುಚ್ಚಿ ನೋಡಿದೆ. ಅಮ್ಮನಿಗೆ ಇದನ್ನು ಹೇಳಿಲ್ಲ, ನಗುತ್ತಾರೆ.

ಮಸಾಲೆ ವಿಷಯದಲ್ಲಿ ಮಾತ್ರ ನಾನು ಇಲ್ಲಿನವರ ಕಡೆ. ನಮ್ಮ ಸಾರಿನಲ್ಲಿ ಕೆಲವು ಸಲ ಕೋಳಿ ಯಾವುದು, ಕುರಿ ಯಾವುದು ಅಂತ ಮೂಳೆ ನೋಡಿಯೇ ಹೇಳಬೇಕಾಗುತ್ತದೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ನಿಲ್ಲಿಸಿದೆ. ಚಕ್ಕೆ ಲವಂಗ ಹಾಕಿದ್ದರೆ ಹೊಗೆಯ ವಾಸನೆಯೇ ಸತ್ತುಹೋಗುತ್ತಿತ್ತು. ಇಲ್ಲಿನ ಇನ್ನೊಂದು ಪದ್ಧತಿಯೂ ನನಗೆ ಇಷ್ಟ. ಗ್ರಿಲ್ ಹತ್ತಿರ ನಿಂತವನ ಸುತ್ತಲೇ ನೆಂಟರೆಲ್ಲ ಗ್ಲಾಸ್ ಹಿಡಿದು ನಿಂತಿರುತ್ತಾರೆ. ಅಡುಗೆಯವನಿಗೂ ಹಬ್ಬ ಇರುತ್ತದೆ. ನಮ್ಮ ಕಡೆ ಬಾಡೂಟ ಬೇಯಿಸಿದ ಹೆಂಗಸರು ಊಟಕ್ಕೆ ಕೂರುವುದು ಕೊನೆಯ ಪಂಕ್ತಿಯಲ್ಲಿ, ಪಾತ್ರೆಯ ತಳ ಕಾಣುವಾಗ.

ಜುಲೈ ನಾಲ್ಕಕ್ಕೆ, ಇಲ್ಲಿನ ಸ್ವಾತಂತ್ರ್ಯ ದಿನಕ್ಕೆ, ಎರಡನೇ ಸಲ ಮಾಡಿದೆ. ಬಿರಿಯಲಿಲ್ಲ. ಪಕ್ಕದ ಮನೆಯವನು ಒಂದನ್ನು ಕಚ್ಚಿ, ಅಡ್ಡಕ್ಕೆ ಕೊಯ್ದ ಭಾಗವನ್ನು ಸ್ವಲ್ಪ ಹೊತ್ತು ನೋಡಿದ. "ಇದರಲ್ಲಿ ಏನೋ ಕಾಳಿನ ರುಚಿ ಇದೆ" ಅಂದ. ಹುರಿಗಡಲೆಗೆ ಇಂಗ್ಲಿಷಿನಲ್ಲಿ ಏನು ಹೇಳಲಿ ಅಂತ ತಡಕಾಡುವಷ್ಟರಲ್ಲಿ ಇನ್ನೊಂದಕ್ಕೆ ಕೈ ಹಾಕಿದ.

ಸಾಸೇಜ್ ಪ್ಯಾಕೆಟ್‌ನಲ್ಲಿ ಹತ್ತು, ಬನ್ ಪ್ಯಾಕೆಟ್‌ನಲ್ಲಿ ಎಂಟು. ಬನ್ನಿಲ್ಲದೆ ಉಳಿದ ಎರಡನ್ನು ಮಾರನೇ ದಿನ ಹೋಳು ಮಾಡಿ ಸಾರಿಗೆ ಹಾಕಿದೆ. ಅನ್ನದ ಜೊತೆ ಇನ್ನೂ ಚೆನ್ನಾಗಿತ್ತು.